ಸ್ಪಾರ್ಕ್ ಪ್ಲಗ್: ಹೆಚ್ಚು ಓಡಿದ ಪಿಕಪ್ ಟ್ರಕ್ಕುಗಳಲ್ಲಿ ತೊಂದರೆ ಮತ್ತು ನಿರ್ವಹಣೆ

ಪೆಟ್ರೋಲ್ ಎಂಜಿನ್ನಿನ ಸಿಲಿಂಡರಿನಲ್ಲಿ ಒತ್ತಡಕ್ಕೆ ಸಿಕ್ಕಿದ ಗಾಳಿ ಮತ್ತು ಇಂಧನದ ಮಿಶ್ರಣಕ್ಕೆ ಕಿಡಿ ಹಚ್ಚುವ ಬಿಡಿಭಾಗ ಸ್ಪಾರ್ಕ್ ಪ್ಲಗ್. ಗಾತ್ರ ಸಣ್ಣದು, ಬೆಲೆಯೂ ಕಡಿಮೆ. ಆದರೂ ಎಂಜಿನ್ನಿನ ಶಕ್ತಿ, ಇಂಧನದ ಖರ್ಚು, ಹೊಗೆಯ ಶುದ್ಧತೆ ಈ ಮೂರೂ ಇದರ ಸ್ಥಿತಿಯ ಮೇಲೆ ನಿಂತಿವೆ.

ಅಮೆರಿಕದಲ್ಲಿ ಪಿಕಪ್ ಟ್ರಕ್ ಎಂದರೆ ಹಿಂಬದಿಯಲ್ಲಿ ತೆರೆದ ತೊಟ್ಟಿಯಿರುವ, ರೈತರು, ಬಡಗಿಗಳು, ಕಟ್ಟಡ ಗುತ್ತಿಗೆದಾರರು, ಸಾಮಾನ್ಯ ಕುಟುಂಬದವರು ದಿನಬಳಕೆಗೆ ಇಟ್ಟುಕೊಳ್ಳುವ ವಾಹನ. ಇವುಗಳಲ್ಲಿ ಹೆಚ್ಚಿನವು ಪೆಟ್ರೋಲಿನಿಂದ ಓಡುತ್ತವೆ. ಒಂದು ಲಕ್ಷ ಮೈಲಿ, ಅಂದರೆ ಸುಮಾರು 1,60,000 ಕಿಲೋಮೀಟರ್ ದಾಟಿದ ಮೇಲೂ ಇವು ಕೈಯಿಂದ ಕೈಗೆ ಮಾರಾಟವಾಗುತ್ತ ದುಡಿಯುತ್ತಲೇ ಇರುತ್ತವೆ. ಇಂಥ ಟ್ರಕ್ಕಿನಲ್ಲಿ ಪ್ಲಗ್ ಸವೆದಿರುವುದು ಸಮಸ್ಯೆಯ ಅರ್ಧ ಭಾಗ. ವರ್ಷಾನುಗಟ್ಟಲೆ ಯಾರೂ ಅದನ್ನು ಬಿಚ್ಚದೆ ಬಿಟ್ಟಿರುವುದು ಇನ್ನರ್ಧ. ಫೋರ್ಡ್ ಎಫ್-150 ಟ್ರಕ್ಕಿಗೆ 2004ರಿಂದ ಬಂದ 5.4 ಲೀಟರಿನ ಟ್ರೈಟನ್ ಎಂಜಿನ್ ಇದಕ್ಕೆ ತೀರ ಹೆಸರಾದ ನಿದರ್ಶನ. ಮೆಕ್ಯಾನಿಕ್ಕುಗಳ ತಾಳ್ಮೆಯನ್ನು ಇಷ್ಟು ಪರೀಕ್ಷಿಸಿದ ಪ್ಲಗ್ಗುಗಳು ಕಡಿಮೆ. ಹಾಗಾಗಿ ಈ ಲೇಖನದಲ್ಲಿ ಅದಕ್ಕೇ ಹೆಚ್ಚು ಜಾಗ ಸಂದಿದೆ.

ರಚನೆ ಮತ್ತು ಕೆಲಸ

ಪ್ಲಗ್ಗಿನ ನಡುವೆ ಲೋಹದ ಕಡ್ಡಿಯಂಥ ನಡು ಎಲೆಕ್ಟ್ರೋಡ್ ಇದೆ. ಅದರ ಸುತ್ತ ಅಲ್ಯೂಮಿನಾ ಪಿಂಗಾಣಿಯ ಹೊದಿಕೆ, ಅದರ ಹೊರಗೆ ಉಕ್ಕಿನ ಕವಚ. ಕವಚದ ಕೆಳಭಾಗದ ಥ್ರೆಡ್ ಎಂಜಿನ್ ಹೆಡ್ಡಿನೊಳಗೆ ತಿರುಗಿ ಕೂರುತ್ತದೆ. ಕವಚದ ತುದಿಯಿಂದ ಬಾಗಿ ಬಂದ ಇನ್ನೊಂದು ಎಲೆಕ್ಟ್ರೋಡ್ ನಡು ಎಲೆಕ್ಟ್ರೋಡಿಗೆ ಎದುರಾಗಿ ನಿಲ್ಲುತ್ತದೆ. ಇವೆರಡರ ನಡುವಿನ ಸಂದಿಗೆ ಗ್ಯಾಪ್ ಎಂದು ಹೆಸರು. 5.4 ಲೀಟರಿನ ಟ್ರೈಟನ್ನಿನಲ್ಲಿ ಈ ಗ್ಯಾಪ್ 1.02ರಿಂದ 1.27 ಮಿಲಿಮೀಟರ್ ಇರಬೇಕು.

ಬ್ಯಾಟರಿಯ 12 ವೋಲ್ಟನ್ನು ಇಗ್ನಿಷನ್ ಕಾಯಿಲ್ ಹತ್ತಾರು ಸಾವಿರ ವೋಲ್ಟಿಗೆ ಏರಿಸುತ್ತದೆ. ಆ ಒತ್ತಡಕ್ಕೆ ಗ್ಯಾಪಿನಲ್ಲಿರುವ ಅನಿಲ ವಿದ್ಯುತ್ತಿಗೆ ದಾರಿ ಬಿಟ್ಟಾಗ ಕಿಡಿ ಹಾರುತ್ತದೆ. ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಕ್ರ್ಯಾಂಕ್ ಎರಡು ಸುತ್ತು ಬಂದಾಗ ಪ್ರತಿ ಪ್ಲಗ್ ಒಂದು ಸಲ ಕಿಡಿ ಕೊಡುತ್ತದೆ. ನಿಮಿಷಕ್ಕೆ 2,000 ಸುತ್ತಿನಲ್ಲಿ, ಗಂಟೆಗೆ ಸರಾಸರಿ 40 ಮೈಲಿ ವೇಗದಲ್ಲಿ ಲಕ್ಷ ಮೈಲಿ ಓಡಿದ ಟ್ರಕ್ಕಿನ ಒಂದೊಂದು ಪ್ಲಗ್ಗೂ ಸುಮಾರು 15 ಕೋಟಿ ಕಿಡಿ ಹಾರಿಸಿರುತ್ತದೆ.

ಪ್ಲಗ್ಗಿನ ತುದಿ ಬಿಸಿಯಾಗಿರಬೇಕು, ಆದರೆ ಆ ಬಿಸಿಗೆ ಮಿತಿ ಇರಬೇಕು. ಸುಮಾರು 450 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ತುದಿಗೆ ಕೂತ ಮಸಿ ತಾನೇ ಸುಟ್ಟು ಹೋಗುತ್ತದೆ. 850 ಡಿಗ್ರಿಯ ಆಚೆಗೆ ತುದಿಯೇ ಕೆಂಡವಾಗಿ, ಕಿಡಿ ಹಾರುವ ಮೊದಲೇ ಇಂಧನ ಹೊತ್ತಿಕೊಳ್ಳುವ ಅಪಾಯ ಉಂಟು. ತುದಿಯ ಶಾಖವನ್ನು ಪ್ಲಗ್ ಎಷ್ಟು ಬೇಗ ಹೆಡ್ಡಿಗೆ ದಾಟಿಸುತ್ತದೆ ಎಂಬುದರ ಮೇಲೆ ಬಿಸಿ ಪ್ಲಗ್, ತಂಪು ಪ್ಲಗ್ ಎಂದು ವಿಂಗಡಿಸುತ್ತಾರೆ. ಎಂಜಿನ್ ತಯಾರಕರು ಗೊತ್ತುಮಾಡಿದ ನಂಬರಿನ ಪ್ಲಗ್ಗನ್ನೇ ಹಾಕಬೇಕೆನ್ನುವುದು ಇದೇ ಕಾರಣಕ್ಕೆ. ಥ್ರೆಡ್ ಹೊಂದುತ್ತದೆ ಎಂದು ಸಿಕ್ಕಿದ ಪ್ಲಗ್ ಹಾಕುವುದು ಎಂಜಿನ್ನಿಗೆ ಹಾನಿಕರ.

ಇತಿಹಾಸ

ಬೆಲ್ಜಿಯಂ ಮೂಲದ ಎಟಿಯೆನ್ ಲೆನ್ವಾರ್ 1860ರಲ್ಲಿ ತನ್ನ ಅನಿಲ ಎಂಜಿನ್ನಿನಲ್ಲಿ ವಿದ್ಯುತ್ ಕಿಡಿಯನ್ನು ಬಳಸಿದ. ವಾಹನಗಳಿಗೆ ನಿಜಕ್ಕೂ ಒದಗುವ ಪ್ಲಗ್ ಬಂದದ್ದು 1902ರಲ್ಲಿ. ಜರ್ಮನಿಯ ಬಾಷ್ ಕಂಪನಿಯಲ್ಲಿದ್ದ ಗಾಟ್ಲೋಬ್ ಹೊನೋಲ್ಡ್ ಅಧಿಕ ವೋಲ್ಟೇಜಿನ ಮ್ಯಾಗ್ನೆಟೋ ಮತ್ತು ಅದಕ್ಕೆ ಹೊಂದುವ ಪ್ಲಗ್ ರೂಪಿಸಿದ. ಫ್ರಾನ್ಸಿನಿಂದ ಅಮೆರಿಕಕ್ಕೆ ಬಂದ ಸೈಕಲ್ ಪಟು ಆಲ್ಬರ್ಟ್ ಚಾಂಪಿಯನ್ 1908ರಲ್ಲಿ ಮಿಷಿಗನ್ನಿನ ಫ್ಲಿಂಟ್ ನಗರದಲ್ಲಿ ಶುರುಮಾಡಿದ ಕಂಪನಿ ಮುಂದೆ ಏಸಿ ಸ್ಪಾರ್ಕ್ ಪ್ಲಗ್ ಎಂದು ಹೆಸರಾಯಿತು.

ಸೀಸ ಬೆರೆಸಿದ ಪೆಟ್ರೋಲಿನ ಕಾಲದಲ್ಲಿ ಪ್ಲಗ್ಗುಗಳಿಗೆ ಆಯಸ್ಸು ಕಡಿಮೆ. ಸೀಸದ ಲವಣಗಳು ಪಿಂಗಾಣಿಗೆ ಮೆತ್ತಿಕೊಳ್ಳುತ್ತಿದ್ದವು. ಪ್ಲಗ್ ಬಿಚ್ಚಿ, ಉಜ್ಜಿ, ಗ್ಯಾಪ್ ಸರಿಪಡಿಸಿ ಮತ್ತೆ ಹಾಕುವುದು ವಾಹನವಿದ್ದವರ ವಾಡಿಕೆಯ ಕೆಲಸವಾಗಿತ್ತು. ಅಮೆರಿಕದಲ್ಲಿ 1975ರ ಮಾದರಿಗಳಿಂದ ಕ್ಯಾಟಲಿಟಿಕ್ ಕನ್ವರ್ಟರ್ ಬಂತು, ಅದರ ಜತೆಗೆ ಸೀಸರಹಿತ ಪೆಟ್ರೋಲ್ ಬಂತು. ಆಮೇಲೆ ಎಲೆಕ್ಟ್ರಾನಿಕ್ ಇಗ್ನಿಷನ್, ಫ್ಯೂಯೆಲ್ ಇಂಜೆಕ್ಷನ್, ಪ್ಲಾಟಿನಂ ತುದಿಯ ಪ್ಲಗ್ ಒಂದರ ಬೆನ್ನಿಗೆ ಒಂದು ಬಂದವು. ಪ್ಲಗ್ ಬದಲಾವಣೆಯ ಅವಧಿ ಕೊನೆಗೆ ಲಕ್ಷ ಮೈಲಿ ಮುಟ್ಟಿತು. ಮಾಲೀಕರಿಗೆ ಇದು ಅನುಕೂಲವೇ ಹೌದು. ಆದರೆ ಪ್ಲಗ್ ಎಂಬುದೊಂದಿದೆ ಎಂಬ ನೆನಪೇ ಹತ್ತು ವರ್ಷ ಬಾರದ ಸ್ಥಿತಿಯೂ ಇದರಿಂದಲೇ ಹುಟ್ಟಿತು. ಹೆಚ್ಚು ಓಡಿದ ಟ್ರಕ್ಕುಗಳ ತೊಂದರೆಯ ಬೇರು ಇಲ್ಲಿದೆ.

ಸವೆತ

ಪ್ರತಿ ಕಿಡಿಯೂ ಎಲೆಕ್ಟ್ರೋಡಿನ ಒಂದಿಷ್ಟು ಲೋಹವನ್ನು ಕಿತ್ತುಕೊಂಡು ಹೋಗುತ್ತದೆ. ಚೂಪಾಗಿದ್ದ ಅಂಚು ಉರುಟಾಗುತ್ತದೆ, ಗ್ಯಾಪ್ ಅಗಲವಾಗುತ್ತದೆ. ನಿಕ್ಕಲ್ ತುದಿಯ ಸಾಮಾನ್ಯ ಪ್ಲಗ್ ಬೇಗ ಸವೆಯುತ್ತದೆ. 1,768 ಡಿಗ್ರಿಗೆ ಕರಗುವ ಪ್ಲಾಟಿನಂ, 2,446 ಡಿಗ್ರಿಗೆ ಕರಗುವ ಇರಿಡಿಯಂ ಹೆಚ್ಚು ಕಾಲ ತಾಳುತ್ತವೆ. ಲಕ್ಷ ಮೈಲಿಯ ಭರವಸೆ ಇರುವುದು ಈ ಎರಡು ಲೋಹಗಳ ಪ್ಲಗ್ಗುಗಳಿಗೆ. ಆ ಭರವಸೆಯೂ ಸಾಮಾನ್ಯ ಬಳಕೆಗೆ ಮಾತ್ರ. ಟ್ರೈಲರ್ ಎಳೆಯುವುದು, ಗಂಟೆಗಟ್ಟಲೆ ಎಂಜಿನ್ ಚಾಲೂ ಇಟ್ಟು ನಿಲ್ಲಿಸುವುದು, ಧೂಳಿನ ದಾರಿಯ ಓಡಾಟ ಇವನ್ನು ಕಠಿಣ ಬಳಕೆ ಎನ್ನುತ್ತಾರೆ. ಇಂಥ ಟ್ರಕ್ಕಿಗೆ 60,000 ಮೈಲಿಗೇ ಪ್ಲಗ್ ಬದಲಿಸಬೇಕೆಂದು ಫೋರ್ಡಿನ ನಿರ್ವಹಣಾ ವೇಳಾಪಟ್ಟಿ ಹೇಳುತ್ತದೆ. ಕೆಲಸಕ್ಕೆಂದೇ ಕೊಂಡ ಪಿಕಪ್ಪುಗಳಲ್ಲಿ ಹೆಚ್ಚಿನವು ಈ ಗುಂಪಿಗೇ ಸೇರುತ್ತವೆ.

ಗ್ಯಾಪ್ ಅಗಲವಾದಷ್ಟೂ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು. ಆ ಹೊರೆ ಬೀಳುವುದು ಕಾಯಿಲ್ ಮೇಲೆ. ಗ್ಯಾಪ್ ದಾಟಲಾಗದ ವಿದ್ಯುತ್ ಕಾಯಿಲಿನ ರಬ್ಬರ್ ಬೂಟನ್ನು ತೂತು ಮಾಡಿಕೊಂಡು ಹೆಡ್ಡಿಗೆ ಹಾರುತ್ತದೆ. ಇಲ್ಲವೇ ಪಿಂಗಾಣಿಯ ಮೈಮೇಲೆ ಕಪ್ಪು ಗೆರೆ ಕೊರೆದುಕೊಂಡು ಕೆಳಗಿಳಿಯುತ್ತದೆ. ಒಮ್ಮೆ ಆ ದಾರಿ ಬಿದ್ದರೆ ಮುಂದಿನ ಕಿಡಿಗಳೂ ಅದನ್ನೇ ಹಿಡಿಯುತ್ತವೆ. ಸವೆದ ಪ್ಲಗ್ಗುಗಳನ್ನು ಹಾಗೇ ಬಿಟ್ಟು ಕಾಯಿಲ್ ಒಂದನ್ನೇ ಬದಲಿಸಿದರೆ ಹೊಸ ಕಾಯಿಲೂ ಬೇಗ ಕೈಕೊಡುವುದಕ್ಕೆ ಕಾರಣ ಇದು.

ಮಿಸ್‌ಫೈರ್: ಲಕ್ಷಣ ಮತ್ತು ಪತ್ತೆ

ಸಿಲಿಂಡರಿನಲ್ಲಿ ಇಂಧನ ಹೊತ್ತಿಕೊಳ್ಳದೆ ಹೋಗುವುದೇ ಮಿಸ್‌ಫೈರ್. ನಮ್ಮ ಗ್ಯಾರೇಜುಗಳ ಮಾತಿನಲ್ಲಿ ಎಂಜಿನ್ ‘ಮಿಸ್ಸಿಂಗ್ ಹೊಡೆಯುವುದು’. ಆರಂಭದಲ್ಲಿ ಇದು ಚಾಲಕನ ಗಮನಕ್ಕೇ ಬಾರದಿರಬಹುದು. ಟ್ರಕ್ ಗಂಟೆಗೆ 40–50 ಮೈಲಿ ವೇಗದಲ್ಲಿ ಮೇಲಿನ ಗೇರಿನಲ್ಲಿ ಸಣ್ಣ ಏರು ಹತ್ತುವಾಗ, ಆಕ್ಸಿಲರೇಟರನ್ನು ತುಸು ಒತ್ತಿದರೆ ವಾಹನ ನಡುಗುತ್ತದೆ. ಎಂಜಿನ್ನಿನ ಸುತ್ತು ಕಡಿಮೆಯಿದ್ದು ಸಿಲಿಂಡರಿನ ಒತ್ತಡ ಹೆಚ್ಚಿರುವ ಈ ಹೊತ್ತಿನಲ್ಲಿ ಕಿಡಿ ಹಾರುವುದು ಕಷ್ಟ. ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಟಾರ್ಕ್ ಕನ್ವರ್ಟರ್ ಸವೆದಾಗಲೂ ಹೆಚ್ಚು ಕಡಿಮೆ ಇಂಥದೇ ನಡುಕ ಬರುತ್ತದೆ. ಎಷ್ಟೋ ಮಂದಿ ಗೇರ್‌ಬಾಕ್ಸ್ ಕೆಟ್ಟಿತೆಂದು ಹೆದರಿ ದೊಡ್ಡ ಖರ್ಚಿಗೆ ಇಳಿಯುತ್ತಾರೆ. ಮೊದಲು ಪ್ಲಗ್ ಮತ್ತು ಕಾಯಿಲ್ ನೋಡುವುದೇ ಸರಿಯಾದ ಕ್ರಮ.

ಅಮೆರಿಕದಲ್ಲಿ 1996ರ ಮಾದರಿಯಿಂದ ಕಾರು ಮತ್ತು ಹಗುರ ಟ್ರಕ್ಕುಗಳಿಗೆ ಓಬಿಡಿ-2 ಎಂಬ ಸ್ವಯಂ ತಪಾಸಣಾ ವ್ಯವಸ್ಥೆ ಕಡ್ಡಾಯ. ಸ್ಟಿಯರಿಂಗ್ ಕೆಳಗಿನ ಸಾಕೆಟ್ಟಿಗೆ ಸ್ಕ್ಯಾನರ್ ಸಿಕ್ಕಿಸಿದರೆ ತಪ್ಪಿನ ಸಂಕೇತಗಳು ಕಾಣುತ್ತವೆ. ಪಿ0300 ಎಂದರೆ ನಿರ್ದಿಷ್ಟವಲ್ಲದ ಹಲವು ಸಿಲಿಂಡರುಗಳ ಮಿಸ್‌ಫೈರ್. ಪಿ0301ರಿಂದ ಪಿ0308ರವರೆಗಿನ ಕೊನೆಯ ಅಂಕಿ ಸಿಲಿಂಡರಿನ ಸಂಖ್ಯೆ. ಪಿ0351ರಿಂದ ಪಿ0358 ಆಯಾ ಸಿಲಿಂಡರಿನ ಕಾಯಿಲ್ ಸರ್ಕ್ಯೂಟಿನ ದೋಷ. ಫೋರ್ಡಿನ ವಿ8 ಎಂಜಿನ್ನುಗಳಲ್ಲಿ ಚಾಲಕನ ಪಕ್ಕದ ಸೀಟಿನ ಬದಿಗೆ ಮುಂದಿನಿಂದ ಹಿಂದಕ್ಕೆ 1ರಿಂದ 4, ಚಾಲಕನ ಬದಿಗೆ 5ರಿಂದ 8 ಎಂದು ಎಣಿಸುತ್ತಾರೆ.

ಸಂಕೇತ ಬಂದ ಕೂಡಲೇ ಪ್ಲಗ್ಗೇ ಕೆಟ್ಟಿದೆ ಎಂದು ತೀರ್ಮಾನಿಸಬಾರದು. ಮೂರನೆಯ ಸಿಲಿಂಡರಿನ ಕಾಯಿಲನ್ನು ಐದನೆಯದಕ್ಕೆ, ಐದನೆಯದನ್ನು ಮೂರನೆಯದಕ್ಕೆ ಅದಲುಬದಲು ಮಾಡಿ ಟ್ರಕ್ ಓಡಿಸಬೇಕು. ಸಂಕೇತ ಪಿ0303ರಿಂದ ಪಿ0305ಕ್ಕೆ ಬದಲಾದರೆ ಕೆಟ್ಟಿರುವುದು ಕಾಯಿಲ್. ಬದಲಾಗದಿದ್ದರೆ ಪ್ಲಗ್, ಇಂಜೆಕ್ಟರ್ ಮತ್ತು ಸಿಲಿಂಡರಿನ ಕಂಪ್ರೆಷನ್ ಈ ಮೂರನ್ನೂ ಸರದಿಯಂತೆ ಪರೀಕ್ಷಿಸಬೇಕು. ಖರ್ಚಿಲ್ಲದ ಈ ಒಂದು ಪರೀಕ್ಷೆ ಎಷ್ಟೋ ಅನಗತ್ಯ ಬಿಡಿಭಾಗಗಳ ಖರೀದಿಯನ್ನು ತಪ್ಪಿಸುತ್ತದೆ.

ಚೆಕ್ ಎಂಜಿನ್ ದೀಪ ಸುಮ್ಮನೆ ಉರಿಯುತ್ತಿದ್ದರೆ ಗ್ಯಾರೇಜಿಗೆ ಹೋಗುವಷ್ಟು ಸಮಯವಿದೆ ಎಂದರ್ಥ. ಮಿನುಗುತ್ತಿದ್ದರೆ ವೇಗ ತಗ್ಗಿಸಿ, ಆದಷ್ಟು ಬೇಗ ನಿಲ್ಲಿಸಬೇಕು. ಸಿಲಿಂಡರಿನಲ್ಲಿ ಉರಿಯದ ಇಂಧನ ಹೊಗೆಯ ಜತೆ ಹೋಗಿ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಉರಿಯುತ್ತದೆ. ಆ ಬಿಸಿಗೆ ಒಳಗಿನ ಜಾಲರಿ ಕರಗಿ ಕಟ್ಟಿಕೊಳ್ಳುತ್ತದೆ. ಪ್ಲಗ್ಗಿನ ಬೆಲೆ ಉಳಿಸಲು ಹೋದವರು ಅದರ ಹತ್ತಾರು ಪಟ್ಟು ಬೆಲೆಯ ಕನ್ವರ್ಟರ್ ಕಳೆದುಕೊಳ್ಳುವುದು ಹೀಗೆ.

ಬಿಚ್ಚಿದ ಪ್ಲಗ್ ಹೇಳುವುದು

ಹಳೆಯ ಎಂಜಿನ್ನಿನ ಒಳಗನ್ನು ಬಿಚ್ಚದೆ ತಿಳಿಯಲು ಪ್ಲಗ್ಗಿಗಿಂತ ಒಳ್ಳೆಯ ಸಾಕ್ಷಿ ಇಲ್ಲ. ತುದಿ ತಿಳಿಗಂದು ಅಥವಾ ಬೂದು ಬಣ್ಣವಿದ್ದು ಒಣಗಿದ್ದರೆ ಸಿಲಿಂಡರ್ ಆರೋಗ್ಯವಾಗಿದೆ. ಕಪ್ಪು ಒಣ ಮಸಿ ಇದ್ದರೆ ಇಂಧನ ಹೆಚ್ಚಾಗಿದೆ, ಇಲ್ಲವೇ ಕಿಡಿ ದುರ್ಬಲವಾಗಿದೆ. ಕಪ್ಪಗೆ ಜಿಡ್ಡಾಗಿದ್ದರೆ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಸವೆದು ಆಯಿಲ್ ಒಳಗೆ ಇಳಿಯುತ್ತಿದೆ. ಬಿಳುಚಿಕೊಂಡು ಸಣ್ಣ ಗುಳ್ಳೆ ಎದ್ದಿದ್ದರೆ ಅತಿಯಾದ ಬಿಸಿ: ಇಂಧನ ಕಡಿಮೆಯಾಗಿದೆ, ಇಲ್ಲವೇ ತಪ್ಪು ನಂಬರಿನ ಪ್ಲಗ್ ಹಾಕಲಾಗಿದೆ. ಪಿಂಗಾಣಿಯ ತುದಿ ಒಡೆದಿದ್ದರೆ ಎಂಜಿನ್ ಬಡಿತವನ್ನು ಶಂಕಿಸಬೇಕು. ಕಿತ್ತಳೆ-ಕೆಂಪು ಬಣ್ಣ ಪೆಟ್ರೋಲಿಗೆ ಬೆರೆಸಿದ ಕೆಲವು ಆಕ್ಟೇನ್ ವರ್ಧಕಗಳಿಂದ ಬರುತ್ತದೆ. ಉಕ್ಕಿನ ಕವಚಕ್ಕೆ ತಾಗಿದಂತೆ ಪಿಂಗಾಣಿಯ ಹೊರಮೈಯಲ್ಲಿ ಕಾಣುವ ಕಂದು ಕಲೆಯನ್ನು ಕಂಡು ಹಲವರು ಗಾಬರಿಯಾಗುತ್ತಾರೆ. ಅದು ಅಧಿಕ ವೋಲ್ಟೇಜಿನ ಸೆಳೆತಕ್ಕೆ ಎಣ್ಣೆಯ ಕಣಗಳು ಅಂಟಿಕೊಂಡು ಆದದ್ದು, ನಿರುಪದ್ರವಿ.

ಅನ್ನಕ್ಕೆ ಒಂದಗುಳು ಹಿಸುಕಿ ನೋಡುವ ಲೆಕ್ಕ ಇಲ್ಲಿ ನಡೆಯದು. ಎಂಟು ಪ್ಲಗ್ಗುಗಳನ್ನೂ ಬಿಚ್ಚಿದ ಕ್ರಮದಲ್ಲೇ ಸಿಲಿಂಡರ್ ಸಂಖ್ಯೆ ಬರೆದ ರಟ್ಟಿನ ಮೇಲೆ ಸಾಲಾಗಿ ಇಟ್ಟು ನೋಡಬೇಕು. ಏಳು ತಿಳಿಗಂದಾಗಿದ್ದು ಒಂದು ಮಾತ್ರ ಜಿಡ್ಡಾಗಿದ್ದರೆ ತೊಂದರೆ ಆ ಸಿಲಿಂಡರಿನದು. ಎಂಟೂ ಕಪ್ಪಾಗಿದ್ದರೆ ಸೆನ್ಸರ್, ಇಂಧನದ ಒತ್ತಡ, ಗಾಳಿಯ ಫಿಲ್ಟರ್ ಇವುಗಳ ಕಡೆಗೆ ತಿರುಗಬೇಕು. ಸುತ್ತಲಿನವು ಮಾಸಲಾಗಿದ್ದು ಒಂದು ಮಾತ್ರ ತೊಳೆದಿಟ್ಟಂತೆ ಹೊಳೆಯುತ್ತಿದ್ದರೆ ಕೂಲೆಂಟ್ ಆ ಸಿಲಿಂಡರಿಗೆ ಸೋರುತ್ತಿರಬಹುದು. ಹೆಡ್ ಗ್ಯಾಸ್ಕೆಟ್ಟಿನ ತೊಂದರೆಯ ಮೊದಲ ಸುಳಿವು ಎಷ್ಟೋ ಸಲ ಹೀಗೇ ಸಿಗುತ್ತದೆ.

ಟ್ರೈಟನ್ ಎಂಜಿನ್ನಿನ ಎರಡು ದೋಷಗಳು

ಫೋರ್ಡ್ ಎಫ್ ಸರಣಿ ಶುರುವಾದದ್ದು 1948ರ ಮಾದರಿಯಿಂದ. ಎಫ್-150 ಎಂಬ ಹೆಸರು ಬಂದದ್ದು 1975ರಲ್ಲಿ. 1977ರಿಂದ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾಗುವ ಪಿಕಪ್ ಎಂಬ ಸ್ಥಾನ ಈ ಸರಣಿಯದು. 1997ರ ಮಾದರಿಗೆ ಅಲ್ಯೂಮಿನಿಯಂ ಹೆಡ್ಡಿನ 4.6 ಮತ್ತು 5.4 ಲೀಟರಿನ ಟ್ರೈಟನ್ ವಿ8 ಎಂಜಿನ್ನುಗಳು ಬಂದವು. ಇವುಗಳ ಎರಡು ತಲೆಮಾರಿನಲ್ಲಿ ಎರಡು ತದ್ವಿರುದ್ಧ ತೊಂದರೆಗಳು ಕಾಣಿಸಿಕೊಂಡವು. ಮೊದಲ ತಲೆಮಾರಿನಲ್ಲಿ ಪ್ಲಗ್ ತಾನಾಗಿ ಹೊರಗೆ ಹಾರುತ್ತಿತ್ತು. ಎರಡನೆಯದರಲ್ಲಿ ಎಷ್ಟು ಎಳೆದರೂ ಬರುತ್ತಿರಲಿಲ್ಲ.

ಸಿಲಿಂಡರಿಗೆ ಎರಡು ವಾಲ್ವಿದ್ದ ಮೊದಲ ತಲೆಮಾರಿನ ಆರಂಭದ ಹೆಡ್ಡುಗಳಲ್ಲಿ ಪ್ಲಗ್ಗಿಗೆ ಹಿಡಿತ ಕೊಡುವ ಥ್ರೆಡ್ ಸುಮಾರು ನಾಲ್ಕೇ ಸುತ್ತು ಇತ್ತು. ಕಾಲ ಕಳೆದಂತೆ ಪ್ಲಗ್ ತುಸು ಸಡಿಲವಾದರೂ ದಹನದ ಒತ್ತಡ ಆ ತೆಳು ಥ್ರೆಡ್ಡನ್ನು ತಿಂದುಹಾಕುತ್ತಿತ್ತು. ಒಂದು ದಿನ ಗುಂಡು ಹಾರಿದಂಥ ಸದ್ದಿನೊಂದಿಗೆ ಪ್ಲಗ್ ಕಾಯಿಲನ್ನೂ ಒಡೆದುಕೊಂಡು ಮೇಲಕ್ಕೆ ಚಿಮ್ಮುತ್ತಿತ್ತು. ಆಮೇಲೆ ಎಂಜಿನ್ನಿನಿಂದ ಬರುವುದು ಟಪಟಪ ಸದ್ದು ಮತ್ತು ಪೆಟ್ರೋಲಿನ ವಾಸನೆ. ಮೊದಮೊದಲು ಇಡೀ ಹೆಡ್ ಬದಲಿಸುವುದೇ ಪರಿಹಾರವೆನಿಸಿತ್ತು. 2007ರಲ್ಲಿ ಫೋರ್ಡ್ ಹೊರಡಿಸಿದ ಸೇವಾ ಸೂಚನೆ, ಹಾಳಾದ ತೂತನ್ನು ಕೊರೆದು ಹೊಸ ಥ್ರೆಡ್ಡಿನ ಲೋಹದ ಒಳಕೊಳವೆಯನ್ನು ಕೂರಿಸುವ ದುರಸ್ತಿಗೆ ಒಪ್ಪಿಗೆ ಕೊಟ್ಟಿತು. ಸರಿಯಾಗಿ ಕೂರಿಸಿದ ಗಟ್ಟಿ ಒಳಕೊಳವೆ ಮೂಲ ಥ್ರೆಡ್ಡಿಗಿಂತ ಹೆಚ್ಚು ಬಾಳುತ್ತದೆ.

2004ರ ಎಫ್-150ಗೆ ಬಂದ 5.4 ಲೀಟರಿನ ಹೊಸ ಎಂಜಿನ್ನಿನಲ್ಲಿ ಸಿಲಿಂಡರಿಗೆ ಮೂರು ವಾಲ್ವು, ಒಟ್ಟು 24. ಶಕ್ತಿ 300 ಅಶ್ವಶಕ್ತಿ. ಎರಡು ಒಳ ವಾಲ್ವು, ಒಂದು ಹೊರ ವಾಲ್ವಿನ ನಡುವೆ ಉಳಿದ ಇಕ್ಕಟ್ಟಿನಲ್ಲಿ ಪ್ಲಗ್ ಇಡಲು ಅದನ್ನು ಉದ್ದವಾಗಿ, ಸಪೂರವಾಗಿ ಮಾಡಬೇಕಾಯಿತು. ಥ್ರೆಡ್ ಮೇಲುಗಡೆ ಇದ್ದು, ಅದರ ಕೆಳಗೆ ಉದ್ದನೆಯ ತೆಳು ಕೊಳವೆಯೊಂದು ದಹನಕೋಶದ ತನಕ ಇಳಿಯುತ್ತದೆ. ಈ ಕೊಳವೆ ಪ್ಲಗ್ಗಿನ ದೇಹಕ್ಕೆ ಜೋಡಿಸಿದ ಬೇರೆ ತುಂಡು. ದೋಷ ಇರುವುದು ಇಲ್ಲೇ. ಕೊಳವೆಗೂ ಹೆಡ್ಡಿನ ತೂತಿಗೂ ನಡುವಿನ ಕೂದಲೆಳೆಯ ಸಂದಿಯಲ್ಲಿ ದಹನದ ಮಸಿ ನುಗ್ಗಿ, ವರ್ಷಗಳ ಬಿಸಿಗೆ ಕಲ್ಲಿನಂತೆ ಗಟ್ಟಿಯಾಗುತ್ತದೆ. ಪ್ಲಗ್ ಬಿಚ್ಚಲು ತಿರುಗಿಸಿದರೆ ಮೇಲಿನ ಭಾಗ ತಿರುಗುತ್ತದೆ, ಮಸಿ ಹಿಡಿದ ಕೊಳವೆ ಅಲುಗುವುದಿಲ್ಲ. ಜೋಡಣೆ ಕಳಚಿ ಅರ್ಧ ಪ್ಲಗ್ ಕೈಗೆ ಬರುತ್ತದೆ, ಅರ್ಧ ಹೆಡ್ಡಿನಲ್ಲೇ ಉಳಿಯುತ್ತದೆ. ಎಕ್ಸ್‌ಪೆಡಿಷನ್, ಲಿಂಕನ್ ನ್ಯಾವಿಗೇಟರ್ ಮತ್ತು ಸೂಪರ್ ಡ್ಯೂಟಿ ವಾಹನಗಳಲ್ಲೂ ಇದೇ ಎಂಜಿನ್ ಇತ್ತು.

2007ರ ಕೊನೆಯ ಹೊತ್ತಿಗೆ ಫೋರ್ಡ್ ಹೆಡ್ಡನ್ನೂ ಪ್ಲಗ್ಗನ್ನೂ ಬದಲಿಸಿತು. 2008ರಲ್ಲಿ ಪ್ಲಗ್ ಬಿಚ್ಚುವ ವಿಧಾನದ ವಿವರವಾದ ಸೇವಾ ಸೂಚನೆ ಬಂತು. ಮಾಲೀಕರು ಹೂಡಿದ ಮೊಕದ್ದಮೆಗಳು ಒಹಾಯೊದ ಫೆಡರಲ್ ನ್ಯಾಯಾಲಯದಲ್ಲಿ ಒಂದುಗೂಡಿ, 2016ರಲ್ಲಿ ಒಪ್ಪಂದದಲ್ಲಿ ಮುಗಿದವು. ಪ್ಲಗ್ ಮುರಿದು ಹೆಚ್ಚು ಖರ್ಚಾದವರಿಗೆ ಅದರ ಒಂದು ಭಾಗವನ್ನು ಹಿಂದಿರುಗಿಸಲು ಏರ್ಪಾಡಾಯಿತು.

ಬಿಚ್ಚುವ ಕ್ರಮ

ಮೂರು ವಾಲ್ವಿನ ಟ್ರೈಟನ್ನಿಗೆ ಫೋರ್ಡ್ ಹೇಳಿದ ಕ್ರಮದ ತಿರುಳು ನಿಧಾನ. ಎಂಜಿನ್ ಪೂರ್ತಿ ತಣ್ಣಗಿರಬೇಕು. ಕಾಯಿಲ್ ತೆಗೆದ ಮೇಲೆ ಪ್ಲಗ್ ಗುಂಡಿಯನ್ನು ಗಾಳಿ ಹಾಯಿಸಿ ಸ್ವಚ್ಛ ಮಾಡಬೇಕು. ಅಲ್ಲಿರುವ ಮರಳು, ತುಕ್ಕಿನ ಪುಡಿ ಸಿಲಿಂಡರಿಗೆ ಬೀಳಬಾರದು. ಗಾಳಿಯ ಒತ್ತಡದ ಅಥವಾ ಕರೆಂಟಿನ ರೆಂಚ್ ಬಳಸಲೇಬಾರದು. ಕೈಯಿಂದ ಪ್ಲಗ್ಗನ್ನು ಒಂದು ಸುತ್ತಿನ ಎಂಟನೇ ಒಂದು ಭಾಗದಿಂದ ಕಾಲು ಭಾಗದಷ್ಟು ಮಾತ್ರ ಸಡಿಲಿಸಿ ನಿಲ್ಲಿಸಬೇಕು. ಆಮೇಲೆ ಕಾರ್ಬುರೇಟರ್ ಕ್ಲೀನರನ್ನು ಪ್ಲಗ್ಗಿನ ಷಟ್ಕೋನ ಭಾಗ ಮುಳುಗುವಷ್ಟು ಗುಂಡಿಗೆ ಸುರಿದು ಕನಿಷ್ಠ 15 ನಿಮಿಷ ಬಿಡಬೇಕು. ದ್ರವ ಥ್ರೆಡ್ ಹಾದು ಕೆಳಗಿಳಿದು ಮಸಿಯನ್ನು ಮೆತ್ತಗೆ ಮಾಡಲು ಆ ಹೊತ್ತು ಬೇಕು. ಅನುಭವಿ ಮೆಕ್ಯಾನಿಕ್ಕುಗಳು ಇದಕ್ಕಿಂತಲೂ ಹೆಚ್ಚು ಕಾಲ, ಕೆಲವೊಮ್ಮೆ ರಾತ್ರಿಯಿಡೀ ನೆನೆಸುತ್ತಾರೆ.

ಬಳಿಕ ಪ್ಲಗ್ಗನ್ನು ಮತ್ತೆ ಬಿಗಿಸಿ, ಸಡಿಲಿಸಿ, ಬಿಗಿಸಿ, ಹಿಂದೆ ಮುಂದೆ ಆಡಿಸುತ್ತ ಹೋಗಬೇಕು. ರೆಂಚಿನ ಹಿಡಿ ಬಿಗಿಯಾಗಿ ಎದುರಾಡುತ್ತದೆ. ಕೊಳವೆ ಮಸಿಯನ್ನು ಉಜ್ಜುವಾಗ ಕಿರ್‍ರೆನ್ನುವ ಚುರುಕಾದ ಸದ್ದು ಹೆಡ್ಡಿನಿಂದ ಏಳುತ್ತದೆ. ಆ ಸದ್ದು ಬಂದರೆ ಕೊಳವೆಯೂ ಪ್ಲಗ್ಗಿನ ಜತೆ ತಿರುಗುತ್ತಿದೆ ಎಂದರ್ಥ. ಬಲ ಹೆಚ್ಚು ಬೇಕೆನಿಸಿದರೆ ಮತ್ತೆ ಕ್ಲೀನರ್ ಹಾಕಿ ಕಾಯಬೇಕು. ತಿರುಗಿಸಲು ಬೇಕಾದ ಬಲ ಸುಮಾರು 45 ನ್ಯೂಟನ್-ಮೀಟರಿಗೆ ಇಳಿದ ಮೇಲೆಯೇ ಪೂರ್ತಿ ಬಿಚ್ಚುವುದು. ಎಂಟು ಪ್ಲಗ್ಗಿಗೆ ಇದು ಇಡೀ ದಿನದ ಕೆಲಸ. ಅವಸರದಲ್ಲಿ ಉಳಿಸಿದ ಒಂದು ಗಂಟೆ, ಮುರಿದ ಪ್ಲಗ್ಗಿನ ರೂಪದಲ್ಲಿ ಎರಡು ದಿನ ತಿನ್ನುತ್ತದೆ. ಸಿಲಿಂಡರಿಗೆ ಇಳಿದ ಕ್ಲೀನರ್ ಹೆಚ್ಚಾಗಿದ್ದರೆ ಎಂಜಿನ್ ಚಾಲೂ ಮಾಡುವ ಮೊದಲು ಅದನ್ನು ಹೀರಿ ತೆಗೆಯುವುದು ಅಗತ್ಯ.

ಮುರಿದಾಗ

ಕೊಳವೆ ಒಳಗೇ ಉಳಿದರೆ ಹೆಡ್ ಬಿಚ್ಚಬೇಕಾದದ್ದು ಅಪರೂಪ. ಇದಕ್ಕೆಂದೇ ತಯಾರಾದ ಸಲಕರಣೆಗಳು ಮಾರುಕಟ್ಟೆಯಲ್ಲಿವೆ. ಅಮೆರಿಕದ ಲೈಲ್ ಕಂಪನಿಯ ಸಲಕರಣೆ ಮೂರು ಹಂತದಲ್ಲಿ ಕೆಲಸ ಮಾಡುತ್ತದೆ: ಕೊಳವೆಯೊಳಗೆ ಉಳಿದ ಪಿಂಗಾಣಿಯನ್ನು ತುಸು ಕೆಳಕ್ಕೆ ಒತ್ತುವುದು, ಗ್ರೀಸ್ ಹಚ್ಚಿದ ಟ್ಯಾಪಿನಿಂದ ಕೊಳವೆಯ ಒಳಮೈಗೆ ಥ್ರೆಡ್ ಕೊರೆಯುವುದು, ಆ ಥ್ರೆಡ್ಡಿಗೆ ಎಳೆಯುವ ಬೋಲ್ಟ್ ಸಿಕ್ಕಿಸಿ ನಟ್ ತಿರುಗಿಸುತ್ತ ಕೊಳವೆಯನ್ನು ಮೇಲಕ್ಕೆ ಎತ್ತುವುದು. ಲೋಹದ ಚೂರು ಗ್ರೀಸಿಗೆ ಅಂಟಿಕೊಂಡು ಹೊರಗೆ ಬರಲಿ ಎಂದೇ ಟ್ಯಾಪಿಗೆ ಗ್ರೀಸ್ ಹಚ್ಚುವುದು. ಇಲ್ಲಿನ ದೊಡ್ಡ ಅಪಾಯ ಪಿಂಗಾಣಿಯದು. ಅಲ್ಯೂಮಿನಾ ಅತಿ ಗಟ್ಟಿ ವಸ್ತು. ಅದರ ಚೂರು ಸಿಲಿಂಡರಿಗೆ ಬಿದ್ದು ಪಿಸ್ಟನ್ನಿನ ಜತೆ ಓಡಾಡಿದರೆ ಗೋಡೆಯ ಮೇಲೆ ಗೀರು ಬೀಳುತ್ತದೆ. ಅನುಮಾನವಿದ್ದರೆ ಸಣ್ಣ ಕೊಳವೆ ಸಿಕ್ಕಿಸಿದ ವ್ಯಾಕ್ಯೂಮಿನಿಂದ ಹೀರಿ, ಬೋರ್‌ಸ್ಕೋಪ್ ಕ್ಯಾಮೆರಾ ಇಳಿಸಿ ನೋಡಿ, ಖಚಿತವಾದ ಮೇಲೆಯೇ ಹೊಸ ಪ್ಲಗ್ ಹಾಕಬೇಕು.

ಹೊಸ ಪ್ಲಗ್ ಹಾಕುವುದು

ಈ ಎಂಜಿನ್ನಿಗೆ ಒಂದೇ ತುಂಡಿನ ದೇಹವಿರುವ ಪ್ಲಗ್ಗನ್ನು ಚಾಂಪಿಯನ್ ಕಂಪನಿ ತಯಾರಿಸಿತು. ಮುಂದಿನ ಸಲ ಬಿಚ್ಚುವವರನ್ನು ನೆನೆದು ಹಲವರು ಅದನ್ನೇ ಆರಿಸುತ್ತಾರೆ. ಫೋರ್ಡಿನದೇ ಪ್ಲಗ್ ಹಾಕುವುದಾದರೆ ಕೆಳಗಿನ ಕೊಳವೆಯ ಹೊರಮೈಗೆ ನಿಕ್ಕಲ್ ಬೆರೆತ ಆಂಟಿ-ಸೀಜ್ ಪೇಸ್ಟನ್ನು ತೆಳುವಾಗಿ ಸವರಬೇಕು. ಎಲೆಕ್ಟ್ರೋಡಿನ ತುದಿಗೆ ತಾಗಿಸಬಾರದು. ಬೇರೆ ಎಂಜಿನ್ನುಗಳಿಗೆ ಈ ಸಲಹೆ ಒಂದೇ ಸಮನೆ ಅನ್ವಯಿಸದು. ಜಪಾನಿನ ಎನ್‌ಜಿಕೆ ಕಂಪನಿ ತನ್ನ ಲೇಪನವಿರುವ ಪ್ಲಗ್ಗುಗಳ ಥ್ರೆಡ್ಡಿಗೆ ಆಂಟಿ-ಸೀಜ್ ಬೇಡವೆನ್ನುತ್ತದೆ. ಜಿಡ್ಡು ಹಚ್ಚಿದ ಥ್ರೆಡ್ಡಿನಲ್ಲಿ ಟಾರ್ಕ್ ರೆಂಚ್ ತೋರಿಸುವುದಕ್ಕಿಂತ ಹೆಚ್ಚು ಬಿಗಿ ಬೀಳುತ್ತದೆ ಎಂಬುದು ಅದರ ಕಾರಣ.

ಗ್ಯಾಪನ್ನು ಫೀಲರ್ ಗೇಜಿನಲ್ಲಿ ಅಳೆದು ನೋಡಬೇಕು. ಪ್ಲಾಟಿನಂ, ಇರಿಡಿಯಂ ತುದಿಗಳು ನಾಜೂಕು. ಅವುಗಳ ಮೇಲೆ ಒತ್ತಡ ಹಾಕಿ ಗ್ಯಾಪ್ ಅಗಲಿಸಿದರೆ ತುದಿ ಉದುರುತ್ತದೆ. ನೆಲಕ್ಕೆ ಬಿದ್ದ ಪ್ಲಗ್ಗನ್ನು ಹಾಕಬಾರದು, ಪಿಂಗಾಣಿಯೊಳಗಿನ ಬಿರುಕು ಕಣ್ಣಿಗೆ ಕಾಣುವುದಿಲ್ಲ. ಆರಂಭದ ಸುತ್ತುಗಳನ್ನು ಕೈಬೆರಳಿನಿಂದಲೇ ತಿರುಗಿಸಬೇಕು. ಥ್ರೆಡ್ ಅಡ್ಡ ಹತ್ತಿದರೆ ಬೆರಳಿಗೆ ಗೊತ್ತಾಗುತ್ತದೆ, ರೆಂಚಿಗೆ ಗೊತ್ತಾಗುವುದಿಲ್ಲ. ಕೊನೆಯ ಬಿಗಿ ಟಾರ್ಕ್ ರೆಂಚಿನಿಂದ. ಮೂರು ವಾಲ್ವಿನ ಟ್ರೈಟನ್ನಿಗೆ ಅದು 34 ನ್ಯೂಟನ್-ಮೀಟರ್, ಅಂದರೆ 25 ಪೌಂಡ್-ಅಡಿ. ಕಾಯಿಲಿನ ರಬ್ಬರ್ ಬೂಟು ಮತ್ತು ಸ್ಪ್ರಿಂಗನ್ನು ಪ್ಲಗ್ಗಿನ ಜತೆಗೇ ಬದಲಿಸಿ, ಬೂಟಿನ ಒಳಗೆ ಡೈಎಲೆಕ್ಟ್ರಿಕ್ ಗ್ರೀಸ್ ಹಚ್ಚಿದರೆ ನೀರು ಒಳಸೇರುವುದಿಲ್ಲ. ಎಂಜಿನ್ನಿಗೆ ನೀರಿನ ಪೈಪ್ ಹಿಡಿದು ತೊಳೆದ ಮರುದಿನ ಮಿಸ್ಸಿಂಗ್ ಶುರುವಾದರೆ ಬೇರೇನೂ ಹುಡುಕುವ ಮೊದಲು ಪ್ಲಗ್ ಗುಂಡಿಯಲ್ಲಿ ನೀರು ನಿಂತಿದೆಯೇ ನೋಡಬೇಕು.

ಇತರ ಟ್ರಕ್ಕುಗಳು

ಜನರಲ್ ಮೋಟಾರ್ಸಿನ ಶೆವ್ರೊಲೆ ಸಿಲ್ವರಾಡೊ 1999ರ ಮಾದರಿಯಿಂದ ಬಂದಿತು. ಅದರ 4.8, 5.3, 6.0 ಲೀಟರಿನ ವಿ8 ಎಂಜಿನ್ನುಗಳಲ್ಲಿ ಕಾಯಿಲ್ ವಾಲ್ವ್ ಕವರಿನ ಮೇಲಿದ್ದು, ಗಿಡ್ಡ ವಯರಿನ ಮೂಲಕ ಪ್ಲಗ್ಗಿಗೆ ವಿದ್ಯುತ್ ಹೋಗುತ್ತದೆ. ಪ್ಲಗ್ ಹೊರಬದಿಯಲ್ಲಿ ಎಕ್ಸಾಸ್ಟ್ ಮ್ಯಾನಿಫೋಲ್ಡಿಗೆ ಹತ್ತಿರವಿರುವುದರಿಂದ ವಯರಿನ ಬೂಟು ಸುಟ್ಟು ಪ್ಲಗ್ಗಿಗೆ ಅಂಟಿಕೊಳ್ಳುವುದು ಇಲ್ಲಿನ ಸಾಮಾನ್ಯ ದೂರು. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಚೆಲ್ಲುವ ಉತ್ತರದ ರಾಜ್ಯಗಳಲ್ಲಿ ಪ್ಲಗ್ಗಿನ ಕವಚ ತುಕ್ಕು ಹಿಡಿದು ಸಾಕೆಟ್ಟಿಗೆ ಹಿಡಿತವೇ ಸಿಗದ ಸ್ಥಿತಿ ಬರುವುದುಂಟು. ಬಿಗಿತದ ಅಳತೆ ಇಲ್ಲಿ ಸುಮಾರು 15 ನ್ಯೂಟನ್-ಮೀಟರ್, ಟ್ರೈಟನ್ನಿನದರ ಅರ್ಧಕ್ಕಿಂತ ಕಡಿಮೆ. ಒಂದು ಎಂಜಿನ್ನಿನ ಅಳತೆಯನ್ನು ಇನ್ನೊಂದಕ್ಕೆ ಅನ್ವಯಿಸಿದರೆ ಅಲ್ಯೂಮಿನಿಯಂ ಥ್ರೆಡ್ ಕಿತ್ತುಬರಬಹುದು.

ಡಾಡ್ಜ್ ರ್‍ಯಾಮ್ ಟ್ರಕ್ಕಿಗೆ 2003ರಲ್ಲಿ ಬಂದ 5.7 ಲೀಟರಿನ ಹೆಮಿ ಎಂಜಿನ್ನಿನಲ್ಲಿ ಸಿಲಿಂಡರಿಗೆ ಎರಡರಂತೆ 16 ಪ್ಲಗ್ಗುಗಳಿವೆ. ಆರಂಭದ ಮಾದರಿಗಳಿಗೆ ಸಾಮಾನ್ಯ ಪ್ಲಗ್ ಕೊಟ್ಟು, 30,000 ಮೈಲಿಗೊಮ್ಮೆ ಬದಲಿಸಲು ಹೇಳಲಾಗಿತ್ತು. ಹಳೆಯ ಹೆಮಿ ಕೊಳ್ಳುವವರಲ್ಲಿ ಕೆಲವರು ಎಂಟೇ ಪ್ಲಗ್ ತಂದು ಮತ್ತೆ ಅಂಗಡಿಗೆ ಹೋಗುವುದಕ್ಕೆ ಕಾರಣ ಈ ವಿನ್ಯಾಸ. 2011ರಿಂದ ಎಫ್-150ಗೆ ಬಂದ ಟರ್ಬೊ ಸಹಿತ ಇಕೋಬೂಸ್ಟ್ ಎಂಜಿನ್ನುಗಳಲ್ಲಿ ಸಿಲಿಂಡರಿನ ಒತ್ತಡ ಹೆಚ್ಚು, ಹಾಗಾಗಿ ಗ್ಯಾಪ್ ಕಿರಿದು. ಸ್ವಲ್ಪ ಸವೆದರೂ ಮಿಸ್‌ಫೈರ್ ಕಾಣಿಸಿಕೊಳ್ಳುತ್ತದೆ.

ಕರ್ನಾಟಕದಲ್ಲಿ

ಕರ್ನಾಟಕದ ರಸ್ತೆಗಳ ಲಾರಿಗಳು ಬಹುತೇಕ ಡೀಸೆಲ್‌ನವು. ಡೀಸೆಲ್ ಎಂಜಿನ್ನಿನಲ್ಲಿ ಒತ್ತಿದ ಗಾಳಿಯ ಬಿಸಿಗೇ ಇಂಧನ ಹೊತ್ತುವುದರಿಂದ ಸ್ಪಾರ್ಕ್ ಪ್ಲಗ್ ಇರುವುದಿಲ್ಲ. ಆದರೆ ಟಾಟಾ ಏಸ್, ಮಾರುತಿ ಸುಜುಕಿ ಸೂಪರ್ ಕ್ಯಾರಿಯಂಥ ಸಣ್ಣ ಸರಕು ವಾಹನಗಳ ಪೆಟ್ರೋಲ್ ಮತ್ತು ಸಿಎನ್‌ಜಿ ಮಾದರಿಗಳಲ್ಲಿ ಪ್ಲಗ್ ಇದೆ. ಸಿಎನ್‌ಜಿ ಹೊತ್ತಿಸಲು ಪೆಟ್ರೋಲಿಗಿಂತ ಹೆಚ್ಚು ವೋಲ್ಟೇಜ್ ಬೇಕಾಗುವುದರಿಂದ ಸವೆದ ಪ್ಲಗ್ಗಿನ ತೊಂದರೆ ಅಲ್ಲಿ ಬೇಗ ಕಾಣುತ್ತದೆ. ದಿನವಿಡೀ ತರಕಾರಿ, ಹಾಲು, ಸಿಮೆಂಟು ಹೊರುವ ಈ ಗಾಡಿಗಳೂ ಬಲುಬೇಗ ಲಕ್ಷ ಕಿಲೋಮೀಟರ್ ದಾಟುತ್ತವೆ. ಮೇಲೆ ಹೇಳಿದ ಪರೀಕ್ಷೆಗಳೆಲ್ಲ ಇವಕ್ಕೂ ಸಲ್ಲುತ್ತವೆ. ಪ್ಲಗ್ ತಯಾರಿಕೆಯಲ್ಲೂ ಬೆಂಗಳೂರಿಗೆ ಹಳೆಯ ನಂಟಿದೆ. 1902ರ ಪ್ಲಗ್ ರೂಪಿಸಿದ ಬಾಷ್ ಕಂಪನಿಯ ಸಹಯೋಗದಲ್ಲಿ 1951ರಲ್ಲಿ ಇಲ್ಲಿ ಸ್ಥಾಪನೆಯಾದ ಮೈಕೊ, ಅಂದರೆ ಮೋಟಾರ್ ಇಂಡಸ್ಟ್ರೀಸ್ ಕಂಪನಿಯ ಹೆಸರು ಹೊತ್ತ ಪ್ಲಗ್ಗುಗಳು ದೇಶದ ಸ್ಕೂಟರು, ಕಾರುಗಳಲ್ಲಿ ದಶಕಗಳ ಕಾಲ ಮನೆಮಾತಾಗಿದ್ದವು. 2008ರಲ್ಲಿ ಕಂಪನಿ ಬಾಷ್ ಲಿಮಿಟೆಡ್ ಎಂದು ಹೆಸರು ಬದಲಿಸಿಕೊಂಡಿತು.

ಹಳೆಯ ಟ್ರಕ್ ಕೊಳ್ಳುವಾಗ

ಲಕ್ಷ ಮೈಲಿ ದಾಟಿದ ಪೆಟ್ರೋಲ್ ಟ್ರಕ್ ಕೊಳ್ಳುವವರು ಪ್ಲಗ್ ಬದಲಿಸಿದ ರಸೀದಿ ಇದೆಯೇ ಎಂದು ಕೇಳಬೇಕು. ಇದ್ದರೆ ಯಾವ ಕಂಪನಿಯ ಯಾವ ನಂಬರಿನ ಪ್ಲಗ್, ಎಷ್ಟು ಮೈಲಿಯಲ್ಲಿ ಎಂಬುದು ಅದರಲ್ಲಿ ಸಿಗುತ್ತದೆ. ಸ್ಕ್ಯಾನರ್ ಹಾಕಿದಾಗ ತಪ್ಪಿನ ಸಂಕೇತ ಒಂದೂ ಇಲ್ಲದೆ, ಸ್ವಯಂ ತಪಾಸಣೆಗಳು ಮಾತ್ರ ಅಪೂರ್ಣ ಎಂದು ತೋರಿಸಿದರೆ, ಸಂಕೇತಗಳನ್ನು ಇತ್ತೀಚೆಗಷ್ಟೇ ಅಳಿಸಿರುವ ಅಥವಾ ಬ್ಯಾಟರಿ ಕಳಚಿರುವ ಸಾಧ್ಯತೆ ಇದೆ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಏರು ರಸ್ತೆಯಲ್ಲಿ ಓಡಿಸಿ ನೋಡಬೇಕು. 2004ರಿಂದ 2008ರ ನಡುವಿನ ಮೂರು ವಾಲ್ವಿನ ಟ್ರೈಟನ್ ಟ್ರಕ್ಕಿನಲ್ಲಿ ಮೂಲ ಪ್ಲಗ್ಗುಗಳೇ ಇದ್ದರೆ, ಅವನ್ನು ಬಿಚ್ಚುವ ಮತ್ತು ಒಂದೆರಡು ಮುರಿಯಬಹುದಾದ ಖರ್ಚನ್ನು ಬೆಲೆಯಿಂದ ಕಳೆದೇ ವ್ಯಾಪಾರ ಮಾಡುವುದು ನ್ಯಾಯ. ಇದೇ ಎಂಜಿನ್ನಿನಲ್ಲಿ ಟೈಮಿಂಗ್ ಚೈನ್ ಮತ್ತು ಕ್ಯಾಮ್ ಫೇಸರುಗಳೂ ಸವೆಯುತ್ತವೆ. ಹೊಸ ಪ್ಲಗ್ ಹಾಕಿದ ಮೇಲೂ ಎಂಜಿನ್ ನಿಂತಲ್ಲೇ ಕಟಕಟ ಸದ್ದು ಮಾಡಿ ಅಲುಗುತ್ತಿದ್ದರೆ ದೋಷ ಅಲ್ಲಿರುತ್ತದೆ.

ಲಕ್ಷ ಮೈಲಿ ಎಂಬುದು ಪ್ಲಗ್ಗಿನ ಎಲೆಕ್ಟ್ರೋಡ್ ತಾಳುವ ಮಿತಿ. ಅಷ್ಟು ಕಾಲ ಅದನ್ನು ಮುಟ್ಟಲೇಬಾರದೆಂಬ ಕಟ್ಟಳೆ ಎಲ್ಲೂ ಇಲ್ಲ. ಕೆಲಸಕ್ಕೆ ಬಳಸುವ ಟ್ರಕ್ಕಿನ ಪ್ಲಗ್ಗನ್ನು 60,000 ಮೈಲಿಯ ಹೊತ್ತಿಗೆ ಬಿಚ್ಚಿ ಬದಲಿಸಿದರೆ ಮಸಿ ಕಲ್ಲಾಗುವಷ್ಟು ಕಾಲ ಅದಕ್ಕೆ ಸಿಗುವುದಿಲ್ಲ, ಕಾಯಿಲೂ ಕನ್ವರ್ಟರೂ ಉಳಿಯುತ್ತವೆ. ಹಳೆಯ ಟ್ರಕ್ ಕೊಂಡವರು ಮಾಡಬೇಕಾದ ಮೊದಲ ಕೆಲಸ, ತಣ್ಣಗಿನ ಎಂಜಿನ್ನಿನಲ್ಲಿ, ಒಂದು ಪೂರ್ತಿ ದಿನ ಬಿಡುವು ಮಾಡಿಕೊಂಡು ಪ್ಲಗ್ಗುಗಳನ್ನು ಬಿಚ್ಚಿ ನೋಡುವುದು. ಬದಲಿಸಿದ ದಿನಾಂಕ ಮತ್ತು ಓಡೋಮೀಟರಿನ ಅಂಕಿಯನ್ನು ಬರೆದಿಡಿ. ಟ್ರಕ್ ಮಾರುವಾಗ ಆ ಚೀಟಿಯನ್ನು ಮುಂದಿನ ಮಾಲೀಕರ ಕೈಗೆ ಕೊಡಿ.